ಕಣ್ಣು ಸ್ಪಷ್ಟ, ಕಿವಿ ಮಸುಕು

ಜನವರಿ 7, ಭಾನುವಾರ

ಇವತ್ತೂ ಅಕ್ಕನೇ ಮಾಡೆಲ್. ಕಿಟಕಿ ಪಕ್ಕದ ಕುರ್ಚಿ, ಎಡಗಡೆಯಿಂದ ಬೆಳಕು. ಎಫ್ 1.8, 2.8, 5.6, 11 – ಒಂದೇ ಭಂಗಿ, ನಾಲ್ಕು ಅಪರ್ಚರ್. 1.8ರಲ್ಲಿ ಲೆನ್ಸಿನ ಬಾಯಿ ಪೂರ್ತಿ ತೆರೆದಿರುತ್ತದೆ. ಸ್ಪಷ್ಟವಾಗುವುದು ಬೆರಳಗಲದಷ್ಟು ಆಳ ಮಾತ್ರ. ಎಡಗಣ್ಣಿನ ರೆಪ್ಪೆಗೂದಲಿಗೆ ಫೋಕಸ್ ಮಾಡಿದೆ. ಕಣ್ಣು ಸ್ಪಷ್ಟ, ಕಿವಿ ಮಸುಕು, ಹಿಂದಿನ ಪುಸ್ತಕದ ಕಪಾಟು ಬರೀ ಬಣ್ಣ. 11ರಲ್ಲಿ ಎಲ್ಲವೂ ಬರುತ್ತದೆ, ಕಾದಂಬರಿಗಳ ಹೆಸರು, ಅನುವಾದಕರ ಹೆಸರು ಕೂಡ. ಆದರೆ ಅದು ಚಿತ್ರವಲ್ಲ, ಸಾಮಾನಿನ ಲೆಕ್ಕ.

ಅಕ್ಕ ಕ್ಯಾಮೆರಾದ ಪರದೆ ನೋಡಿ – “ನನ್ನ ಕಿವಿ ಎಲ್ಲೋ ಹೋಯ್ತು?”

“ಇದೆ. ಫೋಕಸ್ ಹೊರಗಿದೆ.”

“ಒಳ್ಳೇದಾಯ್ತು ಬಿಡು. ನಿನ್ನ ಪಾಠ ಕೇಳೋದು ತಪ್ತು.”

ಜನವರಿ 28, ಭಾನುವಾರ

ಮೂರು ವಾರದ ಮೇಲೆ ಬಂದಳು. ನೆಗಡಿಯಾಗಿತ್ತಂತೆ. ತಲೆಗೆ ಸ್ಕಾರ್ಫ್, ಒಳಗೆ ಬಂದ ಮೇಲೂ ಬಿಚ್ಚಲಿಲ್ಲ. ನನಗೂ ಅನುಕೂಲ, ಕೂದಲು ಮುಖಕ್ಕೆ ಬೀಳುವುದಿಲ್ಲ. ಮೊದಲಿನ ಚಡಪಡಿಕೆಯೂ ಇಲ್ಲ. ಗೊಂಬೆಯ ಹಾಗೆ ಕೂರುತ್ತಾಳೆ. ನಮ್ಮ ಫೋಟೋ ಕ್ಲಬ್ಬಿನ ಪ್ರದರ್ಶನಕ್ಕೆ ಈ ಸರಣಿಯನ್ನೇ ಕೊಡಬೇಕು.

ಚಹಾ ಮಾಡಿಕೊಟ್ಟೆ. ಅರ್ಧ ಬಿಟ್ಟಳು. ಕಬ್ಬಿಣ ನೆಕ್ಕಿದ ಹಾಗಿದೆ ಕಣೋ ಅಂದಳು. ಪಾತ್ರೆಯ ದೋಷವಿರಬಹುದು. ಬದಲಿಸಬೇಕು.

ಫೆಬ್ರವರಿ 11, ಭಾನುವಾರ

ರೆಪ್ಪೆ ಸಿಗುತ್ತಿಲ್ಲ. 1.8ರಲ್ಲಿ ಎಷ್ಟು ಸಲ ತೆಗೆದರೂ ಅಷ್ಟೇ. ಕಣ್ಣಿನ ಪಾಪೆ ಇದೆ, ರೆಪ್ಪೆಯ ಜಾಗದಲ್ಲಿ ಬರೀ ಕಪ್ಪು ಗೆರೆ. ಫೋಕಸ್ ಹಿಂದಕ್ಕೆ ಜಾರುತ್ತಿದೆ. ಲೆನ್ಸ್ ಕೆಟ್ಟಿದೆ... ಕಾರ್ಖಾನೆಯಲ್ಲಿ ತೂಕದ ಯಂತ್ರಗಳ ತಪಾಸಣೆ ನನ್ನ ಕೆಲಸ. ಅಲ್ಲಿಯ ಮೊದಲ ಪಾಠವೇ ಇದು – ಅಳತೆ ಹೆಚ್ಚುಕಮ್ಮಿಯಾದರೆ ಮೊದಲು ಯಂತ್ರವನ್ನು ಅನುಮಾನಿಸು.

“ಸ್ವಲ್ಪ ಮುಂದೆ ಬಾ ಅಕ್ಕ. ಅಲುಗಾಡ್ಬೇಡ.”

“ಎಲ್ಲಿ ಅಲುಗಾಡ್ತಿದೀನಿ ಮಾರಾಯ? ಕಲ್ಲಾಗಿ ಕೂತಿದೀನಿ.”

“ರೆಪ್ಪೆ ಬರ್ತಿಲ್ಲ.”

ಸ್ಕಾರ್ಫನ್ನು ಹಣೆಯ ಮೇಲೆ ಎಳೆದುಕೊಂಡಳು. ಆಮೇಲೆ – “ಇರೋದನ್ನ ತೆಗಿ.”

ಫೆಬ್ರವರಿ 16

ಕೆಲಸ ಮುಗಿಸಿ ರಿಪೇರಿ ಅಂಗಡಿಗೆ. ರಿಪೇರಿಯವನು ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿ ನಾಲ್ಕಾರು ಫೋಟೋ ತೆಗೆದ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ತೋರಿಸಿದ.

“ಒಂದೊಂದು ಅಕ್ಷರಾನೂ ಓದಿ ಸ್ವಾಮಿ. ಇದಕ್ಕೇನು ಕಾಯಿಲೆ ಅಂತ ತಂದ್ರಿ?”

“ರೆಪ್ಪೆಗೂದಲು ಬರಲ್ಲ.”

“ಯಾರ ರೆಪ್ಪೆ?”

ಉದ್ಧಟ ಮನುಷ್ಯ. ಲೆನ್ಸ್ ತೆಗೆದುಕೊಂಡು ಬಂದೆ. ಬೇರೆ ಕಡೆ ತೋರಿಸಬೇಕು.

ಫೆಬ್ರವರಿ 18, ಭಾನುವಾರ

ಲೆನ್ಸ್ ಪರೀಕ್ಷೆಗೆಂದು ಎಫ್ 11ರಲ್ಲಿ ತೆಗೆದೆ. ಅಷ್ಟು ಕಿರಿದು ಮಾಡಿದರೆ ಫೋಕಸ್ ಕೊಂಚ ಜಾರಿದ್ದರೂ ಎಲ್ಲ ಬರಲೇಬೇಕು. ಅಕ್ಕ ಕೂತಲ್ಲೇ ನಿದ್ದೆಹೋದಳು. ನಾನು ಕಂಪ್ಯೂಟರಿನಲ್ಲಿ ಹಿಗ್ಗಿಸಿದೆ.

ಎಲ್ಲ ಬಂದಿತ್ತು. ಸ್ಕಾರ್ಫಿನ ಹೊಲಿಗೆ, ಕೆನ್ನೆಯ ರೋಮರಂಧ್ರ. ಹುಬ್ಬು – ಪೆನ್ಸಿಲಿನಲ್ಲಿ ಬರೆದದ್ದು, ಒಂದು ಕಡೆ ಕೈ ತಪ್ಪಿ ಗೆರೆ ಮೇಲಕ್ಕೆ ಹೋಗಿದೆ. ರೆಪ್ಪೆಯ ಅಂಚಿಗೆ ಕಾಡಿಗೆ. ಕೂದಲು ಒಂದೂ ಇಲ್ಲ. ಸ್ಕಾರ್ಫಿನ ಕೆಳಗೆ, ಕಿವಿಯ ಹಿಂದೆ... ಅಲ್ಲೂ ಇಲ್ಲ.

ಪಕ್ಕದಲ್ಲಿ ಜನವರಿಯ ಚಿತ್ರ ತೆರೆದೆ. ಎಷ್ಟು ಹೊತ್ತು ನೋಡಿದೆನೋ. ಹಿಂದಿನಿಂದ ಅಕ್ಕನ ದನಿ – “ಸದ್ಯ, ಗೊತ್ತಾಯ್ತು.”

“ಯಾವಾಗಿಂದ?”

“ಡಿಸೆಂಬರಿನಲ್ಲಿ ಹೇಳಿದ್ರು. ಗಡ್ಡೆ. ಆಸ್ಪತ್ರೆಯಿಂದ ನಿನ್ನ ಮನೆಗೆ ಒಂದೇ ಬಸ್.”

“ನನಗೆ ಹೇಳ್ಬೇಕಿತ್ತು.”

“ಹೇಳೋಣ ಅಂತಲೇ ಬರ್ತಿದ್ದೆ. ನೀನು ಬಾಯಿ ಅಲ್ಲಾಡಿಸ್ಬೇಡ ಅಂತಿದ್ದೆ.” ತಾನೇ ನಕ್ಕಳು. “ಅಳಬೇಡ್ವೋ. ನಿಮ್ಮ ಭಾವ ಹೋದ ಮೇಲೆ ನನ್ನ ಮುಖಾನ ಯಾರು ಇಷ್ಟು ಹೊತ್ತು ನೋಡಿದಾರೆ ಹೇಳು?”

ಲೆನ್ಸಿಗೆ ಮುಚ್ಚಳ ಹಾಕಿದೆ.

ಮಾರ್ಚ್ 3

ಸರಣಿಯನ್ನು ಪ್ರದರ್ಶನದಿಂದ ವಾಪಸ್ ಪಡೆದೆ. ಕ್ಲಬ್ಬಿನ ಕಾರ್ಯದರ್ಶಿ ಕಾರಣ ಕೇಳಿದರು. ಲೆನ್ಸ್ ದೋಷ ಅಂದೆ.

ಅಕ್ಕನನ್ನು ವಾರ್ಡಿಗೆ ಸೇರಿಸಿಕೊಂಡಿದ್ದಾರೆ. ಔಷಧಿ ನಾಟುತ್ತಿಲ್ಲ. ಇನ್ನು ನೋವು ಮಾತ್ರ ಕಡಿಮೆ ಮಾಡೋಣ ಅಂದರು ಡಾಕ್ಟರು. ಎಷ್ಟು ದಿನ ಅಂತ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮಾರ್ಚ್ 20

ನಿನ್ನೆ ಅವಳೇ ಕೇಳಿದ್ದಳು – ಕ್ಯಾಮೆರಾ ಮಾರಿಬಿಟ್ಯೇನೋ? ಇವತ್ತು ಸಂಜೆ ತೆಗೆದುಕೊಂಡು ಹೋದೆ.

“ಎಲ್ಲಾ ಬರಲಿ ಕಣೋ. ಮಂಚ, ಬಾಟಲಿ, ಆ ಪಕ್ಕದ ಮಂಚದ ಅಜ್ಜಿ ಬಾಯಿ ಬಿಟ್ಕೊಂಡು ಮಲಗಿರೋದು. ನನ್ನೊಬ್ಳನ್ನೇ ಕತ್ತರಿಸಿ ತೆಗೀಬೇಡ. ಹೆದರಿಕೆ ಆಗತ್ತೆ.”

ಎಫ್ 16. ಲೆನ್ಸಿನ ಬಾಯಿ ಈಗ ಕಡಲೆಕಾಳಿಗಿಂತ ಚಿಕ್ಕದು. ಒಳಗೆ ಹೋಗುವ ಬೆಳಕು ಸಾಲದು, ಶಟರ್ ಎರಡು ಸೆಕೆಂಡ್ ತೆರೆದಿರಬೇಕು. ಕ್ಯಾಮೆರಾವನ್ನು ಔಷಧಿ ಟ್ರಾಲಿಯ ಮೇಲಿಟ್ಟೆ. ಅಕ್ಕನಿಗೆ ಚಳಿಜ್ವರ. ಅಲುಗಾಡಬೇಡ ಎನ್ನಲು ಬಾಯಿ ಬರಲಿಲ್ಲ.

ಮಂಚದ ಕಬ್ಬಿಣದ ತುಕ್ಕು ಬಂತು. ಗೋಡೆಯ ಬಿರುಕು ಬಂತು. ಅಜ್ಜಿಯ ಕಂಬಳಿಯ ಎಳೆಎಳೆಯೂ ಬಂತು. ಅಕ್ಕ ಇದ್ದ ಕಡೆ ಬಿಳಿಯ ಮಸುಕು – ನಡುಗಿದ್ದಳು.

ಪರದೆ ತೋರಿಸಬಾರದು ಅಂದುಕೊಂಡೆ. ಕಿತ್ತುಕೊಂಡು ನೋಡಿದಳು. “ಮಂಚ ಹಾಜರ್, ಬಾಟಲಿ ಹಾಜರ್, ಅಜ್ಜಿ ಹಾಜರ್. ನಾನೊಬ್ಳೇ ಗೈರು.” ನಗಲು ಹೋಗಿ ಕೆಮ್ಮಿದಳು.

“ಇರು, ಇನ್ನೊಂದು ತೆಗೀತೀನಿ.”

“ಸುಸ್ತಾಯ್ತು ಕಣೋ. ನಾಳೆ ಕಿಟಕಿ ಪಕ್ಕದ ಮಂಚ ಕೊಡ್ತಾರಂತೆ. ಬೆಳಕಲ್ಲಿ ತೆಗಿ.”

ಮಾರ್ಚ್ 21, ಬೆಳಿಗ್ಗೆ

ಬ್ಯಾಟರಿ ಚಾರ್ಜ್ ಆಗಿದೆ. ರಜೆ ಹೇಳಿದೆ. ಬಿಸಿಲು ಚೆನ್ನಾಗಿ ಬಂದಿದೆ. ಕಿಟಕಿ ಪಕ್ಕವಾದರೆ ಎಫ್ 8 ಸಾಕು – ಅಕ್ಕನೂ ಬರುತ್ತಾಳೆ, ಹಿಂದಿನದೂ ಬರುತ್ತದೆ. ಶಟರ್ ನೂರರಲ್ಲೊಂದು ಸೆಕೆಂಡ್. ಎಷ್ಟು ನಡುಗಿದರೂ ಪರವಾಗಿಲ್ಲ. ಅದನ್ನು ಮೊದಲೇ ಹೇಳಬೇಕು ಅವಳಿಗೆ, ಗಾಬರಿಯಾಗದ ಹಾಗೆ. ಬೇಕಾದ ಹಾಗೆ ಅಲುಗಾಡು ಅಕ್ಕ, ಮಾತಾಡು, ಏನಾದರೂ

ಫೋನ್. ವಾರ್ಡಿನ ನಂಬರ್