ಆಟದ ರೈಲಿನಲ್ಲಿ ಎಲೆಶಾಸ್ತ್ರ

ಜನ್ನಾಪುರ, ಭದ್ರಾವತಿ
ಸೋಮವಾರ, 10 ಫೆಬ್ರವರಿ 2025

ಅಣ್ಣನ ಮನೆ ಸೇರಿರುವ ಸಾವಿತ್ರಿಗೆ, ಜನ್ನಾಪುರದಿಂದ ನಿನ್ನ ಗಂಡ ಉಜ್ಜನಪ್ಪ ಬರೆಯುವ ಕಾಗದ. ನಾನು ಚೆನ್ನಾಗಿದ್ದೀನಿ. ನೀನೂ ಚೆನ್ನಾಗಿಯೇ ಇರ್ತೀಯ. ನಿಮ್ಮಣ್ಣನ ಮನೆಯಲ್ಲಿ ಕೆಡೋದು ಬುದ್ಧಿ ಒಂದೇ, ಆರೋಗ್ಯ ಅಲ್ಲ.

ಫೋನ್ ಮಾಡಿದರೆ ನಿಮ್ಮಣ್ಣನೇ ಎತ್ತುತ್ತಾನೆ. "ಸಾವಿತ್ರಿ ಪೂಜೇಲಿದಾಳೆ" ಅಂತಾನೆ. ಬೆಳಗ್ಗೆಯೂ ಪೂಜೆ, ಮಧ್ಯಾಹ್ನವೂ ಪೂಜೆ, ಸಂಜೆಯೂ ಪೂಜೆ. ಮಠದ ಸ್ವಾಮಿಗಳೇ ಇಷ್ಟು ಹೊತ್ತು ಪೂಜೆ ಮಾಡಲ್ಲ ಮಾರಾಯ್ತಿ. ಅದಕ್ಕೇ ಕಾಗದ. ನಂದು ಐದನೇ ಕ್ಲಾಸಿನ ಅಕ್ಷರ, ಒತ್ತು ದೀರ್ಘ ಎಲ್ಲಾದರೂ ಹಳಿ ತಪ್ಪಿದ್ದರೆ ಎತ್ತಿ ಕೂರಿಸಿಕೊಂಡು ಓದು. ಹೊಳೆಹೊನ್ನೂರು ಬಸ್ಸಿನ ಕಂಡಕ್ಟರ್ ಸುನಿಲನ ಕೈಲಿ ಕಳಿಸ್ತಾ ಇದ್ದೀನಿ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರಾದರೂ ಕೈ ಚಾಚಿದರೆ ಒಂದು ಟಿಕೆಟ್ ಹರಿದು ಕೊಡು ಅಂತ ಹೇಳಿದ್ದೀನಿ.

ನಮ್ಮ ದಿವ್ಯಶ್ರೀಯ ಮದುವೆ ಗೊತ್ತು ಮಾಡೋ ಎಲೆಶಾಸ್ತ್ರ ಈ ಬುಧವಾರ ಅಂತ ಗೊತ್ತಾಯಿತು. ನಿನ್ನಿಂದ ಅಲ್ಲ, ನಿಮ್ಮಣ್ಣನಿಂದಂತೂ ಅಲ್ಲ. ಮಗಳೇ ಗೆಳತಿಯ ಫೋನಿಂದ ಮಾಡಿ, ಅಳುತ್ತಾ ಹೇಳಿದಳು. "ಅಪ್ಪಾ, ನೀನು ಬರಬಾರದಂತೆ. ನೀನು ರೈಲ್ವೇಲಿ ಎಕ್ಸ್‌ಪ್ರೆಸ್ ಓಡಿಸ್ತೀಯ ಅಂತ ಮಾವ ಗಂಡಿನೋರಿಗೆ ಹೇಳಿಬಿಟ್ಟಿದಾರೆ. ನಿನಗೆ ರಜ ಸಿಕ್ಕಿಲ್ಲ ಅಂತ ಹೇಳಿ, ನಿನ್ನ ಜಾಗದಲ್ಲಿ ಮಾವನೇ ಕೂತು ಎಲೆ ಅಡಿಕೆ ಹಿಡೀತಾರಂತೆ."

ನಾನು ನಕ್ಕೆ. ಮಗಳಿಗೆ ಇನ್ನೂ ಜಾಸ್ತಿ ಅಳು ಬಂತು. ನಗದೆ ಏನು ಮಾಡಲಿ ಹೇಳು? ಮದುವೆಯಾದ ದಿನದಿಂದ ನಿಮ್ಮಣ್ಣ ಷಡಕ್ಷರಪ್ಪ ನನ್ನನ್ನು ಕರೆದದ್ದೇ "ರೈಲು ಬಿಡೋನು" ಅಂತ. ನಾನು ಬಾಯಿ ತೆರೆದರೆ ಸಾಕು, "ಬಿಟ್ಟ ನೋಡ್ರಪ್ಪ ರೈಲು" ಅಂತಿದ್ದ. ನಾನು ಬಿಟ್ಟ ರೈಲೆಲ್ಲ ನಾಲ್ಕು ಜನ ನಗಲಿ ಅಂತ ಬಿಟ್ಟದ್ದು, ಯಾರೂ ಅದನ್ನು ನಂಬಿ ಹತ್ತಲಿಲ್ಲ. ಈ ಗೌರವಸ್ಥ ಮನುಷ್ಯ ಹುಟ್ಟಿದಾಗಿನಿಂದ ಒಂದೇ ಒಂದು ರೈಲು ಬಿಟ್ಟ. ಅದೂ ಎಕ್ಸ್‌ಪ್ರೆಸ್ಸು. ಅದರಲ್ಲಿ ನನ್ನ ಮಗಳನ್ನ ಕೂರಿಸಿದ್ದಾನೆ.

ಕಾರ್ಖಾನೆಯ ಬಾಯ್ಲರ್ ಕೆಲಸ ನಿಂತು ನಾನು ಪಾರ್ಕಿನ ಆಟದ ರೈಲು ಓಡಿಸೋಕೆ ಸೇರಿದಾಗ ಅವನು ಏನಂದ ಅಂತ ನೆನಪಿದೆಯಲ್ಲ? "ಸರ್ಕಸ್ಸಿನ ಜೋಕರ್ ಮನೆಯಿಂದ ಯಾರಾದ್ರೂ ಹೆಣ್ಣು ತರ್ತಾರಾ? ಸಂಬಂಧ ಕುದುರೋವರೆಗೆ ತಾಯಿ ಮಗಳು ನಮ್ಮನೇಲಿರಲಿ" ಅಂದ. ನೀನು ಬ್ಯಾಗು ತುಂಬಿದೆ. ನಾನು ತಮಾಷೆ ಮಾಡ್ತಾ ಬಸ್ ಸ್ಟ್ಯಾಂಡಿಗೆ ಬ್ಯಾಗು ಹೊತ್ತೆ. ಆಯಿತು, ಅದು ಹೋಗಲಿ.

ನೀನು ನನ್ನ ರೈಲನ್ನು ಕಣ್ಣಿಂದ ನೋಡಿಲ್ಲ. ಮಾಚೇನಹಳ್ಳಿ ದಾಟಿದ ಮೇಲೆ ಹೈವೇ ಪಕ್ಕದಲ್ಲೇ ನಮ್ಮ ಜಂಬೋ ಜಾಲಿ ಪಾರ್ಕು. ಅಲ್ಲಿರೋದರಲ್ಲಿ ಎಂಜಿನ್ನು ಒಂದೇ ಅಸಲಿ. ಎಲ್ಲೋ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಎಳೆಯುತ್ತಿದ್ದ ಉಗಿಬಂಡಿ. ಹಳಿ ಎಷ್ಟು ಕಿರಿದು ಅಂದರೆ, ಎಮ್ಮೆ ಅಡ್ಡ ಮಲಗಿದರೆ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ಹೊರಗೆ. ಸೌದೆ ಹಾಕಿ ನೀರು ಕುದಿಸಿದರೆ, ಅದೇ ಉಸಿರು ಎಳೆದುಕೊಂಡು ಬುಸ್ಸಂತ ಹೊರಡುತ್ತೆ. ನಮ್ಮ ಓನರಿಗೆ ಆ ಬುಸ್ಸು ಸಾಲದು. "ಉಜ್ಜಣ್ಣಾ, ಇದು ರೈಲಿನ ಥರ ಸೌಂಡ್ ಮಾಡ್ತಿಲ್ಲ ಕಣ್ರೀ" ಅಂದ. ಚಿಮಣಿ ಪಕ್ಕ ಒಂದು ಸ್ಪೀಕರ್ ಕಟ್ಟಿಸಿ, ಚುಕುಬುಕು ಚುಕುಬುಕು ಅಂತ ರೆಕಾರ್ಡ್ ಹಾಕಿಸಿದ. ಹಸು ಎದುರಿಗೆ ನಿಂತಿರುವಾಗ ಮೊಬೈಲಿನಲ್ಲಿ ಅಂಬಾ ಕೇಳಿಸಿಕೊಂಡ ಹಾಗೆ! ಸಾಲದು ಅಂತ ಎಂಜಿನ್ ಮೂತಿಗೆ ಕಣ್ಣು, ರೆಪ್ಪೆ, ಕೆಂಪು ತುಟಿ ಬರೆಸಿದ. ಈಗ ಅದು ಮದುವೆಗೆ ಹೊರಟ ರಾಕ್ಷಸಿ ಥರ ಕಾಣುತ್ತೆ. ನನಗೂ ಕೆಂಪು ಕೋಟು, ಹಿತ್ತಾಳೆ ಗುಂಡಿ, ಅಂಟಿಸುವ ಮೀಸೆ. ನನಗೆ ಇರೋ ಮೀಸೆಯಲ್ಲಿ ಗತ್ತು ಇಲ್ಲವಂತೆ, ಬೋಳಿಸಿ ಅದರ ಮೇಲೆ ಇನ್ನೊಂದು ಅಂಟಿಸಿದ.

ಬರೋ ಜನ ಇನ್ನೂ ಚೆಂದ. ಉಗಿ ಮುಖಕ್ಕೆ ಹೊಡೀತಾ ಇದ್ದರೂ "ಅಂಕಲ್, ಇದು ಬ್ಯಾಟರಿದಾ?" ಅಂತ ಕೇಳ್ತಾರೆ. ಸಿಮೆಂಟಿನ ಡೈನೋಸಾರಿಗೆ ಕೈ ಮುಗಿದ ಅಜ್ಜಿಯನ್ನು ನಾನು ಬೈಯಲ್ಲ. ಅದರ ಬಾಯೊಳಗೆ ತಲೆ ತೂರಿಸಿ ಫೋಟೋ ತೆಗೆಸಿಕೊಂಡು, ತಲೆ ಸಿಕ್ಕಿಹಾಕಿಕೊಂಡು, ಸೋಪಿನ ನೀರು ಹಾಕಿಸಿಕೊಂಡು ಬಿಡಿಸಿಕೊಂಡ ಅವಳ ಮಗ ಇಂಜಿನಿಯರಂತೆ.

ಈಗ ವಿಷಯಕ್ಕೆ ಬರ್ತೀನಿ. ನಿನ್ನೆ ಭಾನುವಾರ. ಮೊದಲ ಬೋಗಿಯಲ್ಲಿ, ನನ್ನ ಬೆನ್ನಿಗೆ ಅಂಟಿದ ಹಾಗೆ, ಶಿವಮೊಗ್ಗದ ವಿನೋಬನಗರದ ಒಂದು ದಂಡು ಬಂದು ಕೂತಿತು. ನಡುವೆ ರೇಷ್ಮೆ ಸೀರೆಯ ದೊಡ್ಡ ಹೆಂಗಸು, ತೊಡೆ ಮೇಲೆ ಎಲೆ ಅಡಿಕೆ ಚೀಲ. ಪಕ್ಕದಲ್ಲಿ ಅವರ ತಂಗಿ, ಹಿಂದೆ ಮಕ್ಕಳು ಮರಿ. ಬಂಡಿ ಹೊರಟಿತು. ತಂಗಿ ಕೇಳಿದರು, "ಅಕ್ಕಾ, ಹುಡುಗಿ ಹೆಸರು ಏನಂದೆ?"

"ದಿವ್ಯಶ್ರೀ ಕಣೆ. ಬುಧವಾರ ಹೊಳೆಹೊನ್ನೂರಲ್ಲಿ ಎಲೆಶಾಸ್ತ್ರ. ನಮ್ಮ ವಿಜಯಕುಮಾರಂಗೆ ಹೇಳಿ ಮಾಡಿಸಿದಂಗಿದಾಳೆ."

ಸಾವಿತ್ರಿ, ಒಲೆಗೆ ಹಾಕಬೇಕಾದ ಸೌದೆ ನನ್ನ ಕೈಯಲ್ಲೇ ಉಳಿಯಿತು. ಹಾಗಾದರೆ ಮಗಳು ಹೇಳಿದ್ದ ಗಂಡಿನ ತಾಯಿ ದಾಕ್ಷಾಯಣಮ್ಮ ಇವರೇ. ನನಗೆ ತೋರಿಸದೆ ನೀವೆಲ್ಲ ಮುಚ್ಚಿಟ್ಟುಕೊಂಡಿರುವ ಬೀಗಿತಿ, ತಾನಾಗಿ ಬಂದು ನನ್ನ ಬೆನ್ನ ಹಿಂದೆ ಅಡಿಕೆ ಕತ್ತರಿಸುತ್ತಾ ಕೂತಿದ್ದಾರೆ.

"ಬೀಗರೂ ರೈಲು ಓಡಿಸೋರೇ ಕಣೆ" ಅಂದರು. "ಎಕ್ಸ್‌ಪ್ರೆಸ್ಸು. ಇಂಥ ಆಟದ್ದಲ್ಲ." ಆಮೇಲೆ ನನ್ನ ಬೆನ್ನಿಗೆ ಬೆರಳಲ್ಲಿ ತಿವಿದು ಕೇಳಿದರು, "ಏನಪ್ಪಾ ಡ್ರೈವರ್, ನಿಂಗ್ಯಾವಾಗ ದೊಡ್ಡ ರೈಲು ಕೊಡ್ತಾರೆ?"

"ಇದೇ ದೊಡ್ಡದಾಗ್ಲಿ ಅಂತ ಕಾಯ್ತಿದೀನಮ್ಮಾ. ದಿನಾ ನೀರು ಹಾಕ್ತಿದೀನಿ" ಅಂದೆ. ಬೋಗಿ ಪೂರ್ತಿ ನಕ್ಕಿತು.

ಒಂದು ಮಾತು ಸಾಕಿತ್ತು. ತಿರುಗಿ, ಅಮ್ಮಾ ಆ ಎಕ್ಸ್‌ಪ್ರೆಸ್ಸಿನವನು ನಾನೇ ಅಂದಿದ್ದರೆ ನಿಮ್ಮಣ್ಣನ ಮರ್ಯಾದೆ ಅಲ್ಲೇ ಹೊಗೆಯಾಗುತ್ತಿತ್ತು. ಆದರೆ ಬೋಗಿ ತುಂಬ ಜನರ ಮುಂದೆ ಮಗಳ ಸಂಬಂಧ ಮುರಿಯೋಕೆ ನನಗೇನು ಹುಚ್ಚೇ? ಮೀಸೆ ಒತ್ತಿಕೊಂಡು ಕೈಲಿದ್ದ ಸೌದೆ ಒಲೆಗೆ ಹಾಕಿದೆ.

ಮಕ್ಕಳು ಇನ್ನೊಂದು ರೌಂಡು ಅಂತ ಹಟ ಹಿಡಿದವು. ನಾನು ಎಂಜಿನ್ನಿಗೆ ನೀರು ತುಂಬಿಸೋ ಹೊತ್ತಿಗೆ ದಾಕ್ಷಾಯಣಮ್ಮ ಫೋನ್ ತೆಗೆದರು. "ಷಡಕ್ಷರಪ್ಪನೋರೇ, ಮಾಚೇನಹಳ್ಳಿ ಹತ್ರ ಪಾರ್ಕಲ್ಲಿದೀವಿ. ರೈಲಲ್ಲಿ ಕೂತಿದೀವಿ. ನೀವೂ ಇಲ್ಲೇ ಹತ್ರ ಇದೀರಾ? ಬನ್ನಿ ಮತ್ತೆ!"

ಆ ಕಡೆ ನಿಮ್ಮಣ್ಣನಿಗೆ ಎದೆ ಎಷ್ಟು ಹೊಡೆದುಕೊಂಡಿತೋ ಶಿವನೇ ಬಲ್ಲ. ಬಂದ ನೋಡು! ಬಂಡಿ ಆಗಷ್ಟೇ ಹೊರಟಿತ್ತು. ಬಿಳಿ ಅಂಗಿ, ಬಿಳಿ ಪಂಚೆ, ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಹಳಿ ಪಕ್ಕದಲ್ಲಿ ಓಡಿ ಬರ್ತಾ, ಅವರಿಗೆ ಕಾಣದ ಹಾಗೆ ನನಗೆ ಕಣ್ಣಲ್ಲೇ "ಮುಖ ತಿರುಗಿಸ್ಕೋ, ತಿರುಗಿಸ್ಕೋ" ಅಂತಾನೆ. ನಾನು ಡ್ರೈವರ್ ಕಣೆ, ಮುಖ ತಿರುಗಿಸಿಕೊಂಡರೆ ಹಳಿ ಯಾರು ನೋಡಬೇಕು? ನಮ್ಮ ರೈಲಿನ ವೇಗ ನಿನಗೆ ಗೊತ್ತಿಲ್ಲ, ಬಸುರಿ ಹೆಂಗಸೂ ನಡೆದು ಮುಂದೆ ಹೋಗಬಹುದು. ಅದನ್ನು ಹಿಡಿಯೋಕೆ ಅವನಿಗೆ ನಾಲಿಗೆ ಹೊರಗೆ ಬಂತು. ಮೊದಲ ಬೋಗಿಯ ಮೆಟ್ಟಿಲಿಗೆ ಕಾಲಿಟ್ಟ. ಪಂಚೆ ಸಿಕ್ಕಿಕೊಂಡಿತು. ಚಪ್ಪಲಿ ಜಾರಿತು.

ನಾನು ಬ್ರೇಕ್ ಎಳೆದು, ಅವನ ತೋಳು ಹಿಡಿದು, "ಭಾವಾ! ಕಾಲು, ಕಾಲು!" ಅಂತ ಕೂಗಿಬಿಟ್ಟೆ.

ಇಷ್ಟು ವರ್ಷ ಭಾವ ಭಾವ ಅಂದ ಬಾಯಿ. ಅವನ ಮೇಲೆ ಎಷ್ಟೇ ಸಿಟ್ಟಿರಲಿ, ಕಾಲು ಚಕ್ರದ ಹತ್ತಿರ ಹೋದಾಗ ಆ ಬಾಯಿಗೆ ಎಕ್ಸ್‌ಪ್ರೆಸ್ಸಿನ ಕಥೆ ಎಲ್ಲಿ ನೆನಪಿರುತ್ತೆ?

ಬಂಡಿ ನಿಂತಿತು. ಸ್ಪೀಕರ್ ಮಾತ್ರ ಚುಕುಬುಕು ಅನ್ನುತ್ತಲೇ ಇತ್ತು. ನಿಮ್ಮಣ್ಣ ನನ್ನ ಕೈ ಕೊಡವಿಕೊಂಡು, "ಯಾವನಿಗೋ ಭಾವ ಅಂತೀಯ?" ಅಂದ. ದಾಕ್ಷಾಯಣಮ್ಮ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಇದೇನ್ರೀ, ಇವ್ರು ನಿಮ್ಮ ನೆಂಟರಾ?"

"ಛೇ ಛೇ, ಇಂಥೋರೆಲ್ಲ ನಮಗೆ ನೆಂಟರಾ?" ಅಂದ ನಿಮ್ಮಣ್ಣ. ತನ್ನ ಕಾಲು ಉಳಿಸಿದವನಿಗೆ.

ನಾನು ನಕ್ಕುಬಿಟ್ಟೆ. "ನನ್ನ ರೈಲು ಹತ್ತಿದೋರೆಲ್ಲ ನಂಗೆ ನೆಂಟರೇ ಅಮ್ಮಾ. ಟೈಮಿಗೆ ಬಂದೋರು ಅಣ್ಣ ತಮ್ಮ. ಹೊಟ್ಟೆ ಹೊತ್ಕೊಂಡು ಓಡಿ ಬಂದೋರು ಭಾವ."

"ಹಂಗಾದ್ರೆ ನಾನೇನಾಗಬೇಕಪ್ಪಾ?"

"ನೀವಾ? ನೀವು ನಮ್ಮ ಬೀಗಿತಿ."

ನಿಜ ಹೇಳಿದೆ ಸಾವಿತ್ರಿ. ಆಣೆ ಮಾಡಿ ಹೇಳಿದ್ದರೂ ಇದಕ್ಕಿಂತ ನಿಜ ಹೇಳೋಕೆ ಆಗುತ್ತಿರಲಿಲ್ಲ. ದಾಕ್ಷಾಯಣಮ್ಮ ಅದನ್ನು ತಮಾಷೆ ಅಂತ ತಿಳಿದು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಒಳ್ಳೆ ಹೆಂಗಸು. ಎದೆ ತುಂಬ ನಗ್ತಾರೆ. ನಮ್ಮ ಮಗಳು ಹೋಗೋ ಮನೆ ತಣ್ಣಗಿದೆ ಅಂತ ಅಲ್ಲೇ ಗೊತ್ತಾಯಿತು. ನಿಮ್ಮಣ್ಣನ ಮುಖ ಮಾತ್ರ ಹಸಿ ಅಡಿಕೆ ಅಗಿದ ಹಾಗಿತ್ತು.

"ನಗಿಸ್ತೀಯ ಬಿಡು, ಪುಣ್ಯಾತ್ಮ" ಅಂತ ಚೀಲ ಬಿಚ್ಚಿದರು. ಎರಡು ಎಲೆ, ಮೇಲೆ ಎರಡು ಅಡಿಕೆ. "ಹಿಡೀಪ್ಪಾ ಬೀಗಾ. ಬುಧವಾರ ಇವ್ರ ಮನೆಗೆ ಬಾ, ನಮ್ಮ ಹುಡುಗನ ಎಲೆಶಾಸ್ತ್ರ. ಇವ್ರ ಮನೇಲಿ ಎಲ್ಲರೂ ಮುಖ ಗಂಟು ಹಾಕ್ಕೊಂಡೇ ಕೂತಿರ್ತಾರೆ. ನಗಿಸೋಕೆ ಒಬ್ರಾದ್ರೂ ಇರ್ಲಿ. ಏನ್ರೀ ಷಡಕ್ಷರಪ್ಪನೋರೇ, ಬರ್ಲಿ ತಾನೇ?"

"ಹ್ಞೂಂ... ಬರ್ಲಿ, ಬರ್ಲಿ" ಅಂದ. ಹರಳೆಣ್ಣೆ ಕುಡಿದವನ ಥರ.

ನಾನು ಅಂಟಿಸಿದ ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡೆ. ಮಸಿ ಕೈಯನ್ನು ಕೋಟಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ಎಲೆ ಅಡಿಕೆ ತಗೊಂಡೆ.

ಈಗ ನೀನೇ ಹೇಳು. ಗಂಡಿನ ತಾಯಿ ಹೆಣ್ಣಿನ ಅಪ್ಪನನ್ನು ಬೀಗ ಅಂತ ಕರೆದು ಕೈಗೆ ಎಲೆ ಅಡಿಕೆ ಕೊಟ್ಟಾಯಿತು. ಹೆಣ್ಣಿನ ಸೋದರಮಾವ ಎದುರಿಗೇ ನಿಂತು ಹ್ಞೂಂ ಅಂದಾಯಿತು. ಸಾಕ್ಷಿಗೆ ಒಂದು ಬೋಗಿ ಜನ, ವಾಲಗಕ್ಕೆ ಸ್ಪೀಕರ್. ಎಲೆಶಾಸ್ತ್ರಕ್ಕೆ ಇನ್ನೇನು ಬಾಕಿ? ಬುಧವಾರ ನಿಮ್ಮಣ್ಣ ಶಾಲು ಹೊದ್ದುಕೊಂಡು ಮಾಡೋದು ಬರೀ ಅದರ ಜೆರಾಕ್ಸು. ನನ್ನ ಜಾಗದಲ್ಲಿ ಕೂರೋಕೆ ಅವನಿಗೆ ಅಷ್ಟು ಆಸೆಯಿದ್ದರೆ ಎಂಜಿನ್ನಿಗೆ ಬಂದು ಕೂರಲಿ. ಬಿಸಿ ಹೇಗಿರುತ್ತೆ ಅಂತ ಗೊತ್ತಾಗುತ್ತೆ.

ಬುಧವಾರ ನಾನು ಬರ್ತೀನಿ. ಕರೆದಿರೋದು ಬೀಗಿತಿ, ಇಲ್ಲ ಅನ್ನೋಕೆ ನಿಮ್ಮಣ್ಣ ಯಾರು? ಎಲ್ಲಿ ಕೂರಬೇಕು ಅನ್ನೋದನ್ನು ಮಾತ್ರ ನಿನಗೆ ಬಿಟ್ಟಿದ್ದೀನಿ. ಕೊನೆ ಪಂಕ್ತಿಯಲ್ಲಿ ಪಾರ್ಕಿನ ಡ್ರೈವರ್ ಥರ ಉಂಡು ಎದ್ದು ಹೋಗು ಅಂದರೆ ಹಾಗೇ ಹೋಗ್ತೀನಿ, ಮಗಳಾಣೆ ಬಾಯಿ ಬಿಡಲ್ಲ. ಅದು ಬೇಡ, ನನ್ನ ಪಕ್ಕ ಬಂದು ಕೂತ್ಕೋ ಅಂದರೆ, ಮೊದಲು ನೀನೇ ದಾಕ್ಷಾಯಣಮ್ಮನಿಗೆ ನಿಜ ಹೇಳು. ಜನರ ಮುಂದೆ, ಚಾಪೆ ಮೇಲೆ ಕೂತ ಮೇಲೆ ಅವರಿಗೆ ಗೊತ್ತಾಗೋದು ಬೇಡ. ಬೈದರೆ ಬೈಸಿಕೊಳ್ಳೋಣ. ಸುಳ್ಳಿನ ಬುತ್ತಿ ಕಟ್ಟಿಕೊಟ್ಟು ಮಗಳನ್ನ ಕಳಿಸೋದಕ್ಕಿಂತ ಅದು ವಾಸಿ. ಏನು ಅಂತ ಸುನಿಲನ ಕೈಲಿ ಒಂದು ಚೀಟಿ ಕಳಿಸು.

ಇಂತಿ, ರೈಲ್ವೆಯವರಿಗೂ ಗೊತ್ತಿಲ್ಲದ ರೈಲ್ವೆ ನೌಕರ,
ನಿನ್ನ ಗಂಡ
ಉಜ್ಜನಪ್ಪ

ಬರೆಯದೆ ಬಿಟ್ಟ ಒಂದು ಮಾತು: ಮೊದಲ ರೌಂಡಿನಲ್ಲಿ ಆ ತಂಗಿ "ಬೀಗರ ಕೆಲಸದ ವಿಷಯ ಯಾರು ಹೇಳಿದ್ದು?" ಅಂತ ಕೇಳಿದರು. ದಾಕ್ಷಾಯಣಮ್ಮ ಅಂದರು, "ಹುಡುಗಿ ತಾಯಿನೇ ಕಣೆ. ಯಜಮಾನ್ರು ಏನ್ ಮಾಡ್ತಾರೆ ಅಂದೆ. ಅಲ್ಲೀವರೆಗೂ ತಲೆ ತಗ್ಗಿಸ್ಕೊಂಡಿದ್ದ ಆಯಮ್ಮ ತಲೆ ಎತ್ತಿ, 'ನಮ್ಮೆಜಮಾನ್ರು ರೈಲು ಓಡಿಸ್ತಾರೆ' ಅಂದ್ರು. ಎಷ್ಟು ಹೆಮ್ಮೆ ಅಂತೀಯ! ಎಕ್ಸ್‌ಪ್ರೆಸ್ಸು ಅಂತ ಆಮೇಲೆ ಅವರಣ್ಣ ಸೇರಿಸಿದ್ರು." ಇದನ್ನು ಮೇಲೆ ಬರೆದಿದ್ದರೆ ನಿಮ್ಮಣ್ಣನಿಗೆ ಉಗಿಯೋ ಹುಮ್ಮಸ್ಸೇ ಹೋಗಿಬಿಡ್ತಿತ್ತು. ನೀನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಸಾವಿತ್ರಿ. ಒಂದು ಸಲ ನನ್ನೆದುರಿಗೂ ಹಾಗೇ ಹೇಳು.