ಬೆರಳಿಗೆ ಬಂದ ನದಿ

ಅಪ್ಪಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಈ ಪರದೇಶದ ಸಟನ್ ಊರಿನ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳನ್ನು ಜೋಡಿಸುವುದು ನನ್ನ ಕೆಲಸ. ಇವತ್ತು ನೆಪೋಲಿಯನ್ ವಿರುದ್ಧ ಕಾದಾಡಿದ ಸಿಪಾಯಿಯೊಬ್ಬನ ಚಿತ್ರಪುಸ್ತಕ ಬಂತು. ದಂಡಿನ ಜೊತೆ ಹೋಗುತ್ತಾ ಅವನು ಜಲವರ್ಣದಲ್ಲಿ ಬರೆದ ಗುಡ್ಡ, ಸೇತುವೆ, ನೀಲಿ ನದಿ. ನೋಡುತ್ತಾ ಮೈಮರೆತೆ. ನೀವಿದ್ದಾಗ ಪಂಚಾಂಗ ತಿರುವುತ್ತಿದ್ದ ರೀತಿಗೆ ನಾನು ರೇಗುತ್ತಿದ್ದೆನಲ್ಲ, ಥೇಟ್ ಹಾಗೆಯೇ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುವಿಬಿಟ್ಟೆ. ಇನ್ನೂರು ವರ್ಷ ಉಳಿದಿದ್ದ ನದಿ ನನ್ನ ಬೆರಳಿಗೆ ಬಂತು.

ಜೊತೆಗೆ ಕೆಲಸ ಮಾಡುವ ಧಾರವಾಡದ ರಜನಿ ಪಿಸುಗುಟ್ಟಿದರು: “ಯಾರೂ ನೋಡಿಲ್ಲ, ಲಗೂನ ಕೈ ಒರಸ್ಕೋರಿ.”

ಒರೆಸಿಕೊಳ್ಳಲಿಲ್ಲ. ಮೇಲ್ವಿಚಾರಕಿಗೆ ಹೇಳಿ ಕಳಿಸಿದ್ದೇನೆ. ಲಿಫ್ಟಿನ ಸದ್ದಾಯಿತು, ಅವರೇ ಇರಬೇಕು. ಭಯವಾಗುತ್ತಿದೆ ಅಪ್ಪಾ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದರೆ ನಿಮ್ಮ ಹೆಸರು ಹೇಳುವುದಿಲ್ಲ.