ನೀಲಿ ಪಟ್ಟಿಯ ಕೆಳಗಿನ ಮಂಚ

ಧಾರವಾಡ,
ತಾ. ೯ ಆಗಸ್ಟ್ ೧೯೩೬

ಚಿರಂಜೀವಿ ಬಿಂದೂ,

ನಿನ್ನ ಪ್ರಕೃತಿ ಹೇಗಿದೆ? ಪ್ರಯೋಗಶಾಲೆಯ ಹೊಗೆಗೆ ಬರುತ್ತಿದ್ದ ತಲೆನೋವು ನಿಂತಿತೆ? ಇಲ್ಲಿ ನಿಮ್ಮವ್ವ ಊಟ ಮಾಡುತ್ತಾಳೆ, ಅಷ್ಟೆ. ಹೋದ ವರ್ಷ ಆಷಾಢದಲ್ಲಿ ನಿನ್ನ ತಂಗಿ, ನಮ್ಮ ಇಂದು, ಕ್ಷಯದಿಂದ ತೀರಿಕೊಂಡಳೆಂದು ಬರೆದಿದ್ದೆ. ಅದು ಅರ್ಧ ಮಾತು. ಗುಡ್ಡದ ಆರೋಗ್ಯಧಾಮದವರು ಅವಳನ್ನು ಜಡಿಮಳೆಯಲ್ಲಿ, ಮೂರು ಕಡೆ ಗೋಡೆಯಿಲ್ಲದ ಪಡಸಾಲೆಯಲ್ಲಿ ಮಲಗಿಸಿ ಕೊಂದರು. ಅಪ್ಪನ ಮಾತು ಬಿರುಸಾಯಿತೆನ್ನಬೇಡ, ಪೂರಾ ಓದು.

ಆ ಪಡಸಾಲೆಯ ಕಂಬಕ್ಕೆ ನೀನು ಪುಣೆಯಿಂದ ಕಳಿಸಿದ ಕಾಗದದ ಪಟ್ಟಿಗಳನ್ನು ತೂಗಹಾಕುತ್ತಿದ್ದರು. ಗಂಜಿ ಮತ್ತು ಅಯೋಡಿನ್ನಿನ ಉಪ್ಪು ಸವರಿದ ಪಟ್ಟಿ ಗಾಳಿಯಲ್ಲಿ ಓಝೋನ್ ಇದ್ದಷ್ಟೂ ನೀಲಿಯಾಗುತ್ತದೆ, ಆ ಬಣ್ಣವನ್ನು ಮಾದರಿ ಬಣ್ಣಗಳೊಡನೆ ಹೋಲಿಸಿ ಅಂಕಿ ಹಾಕಬೇಕೆಂದು ನೀನೇ ಹೇಳಿಕೊಟ್ಟಿದ್ದೆ. ಓಝೋನ್ ಹೆಚ್ಚಿದ್ದ ಹವೆ ಎದೆರೋಗಿಗಳಿಗೆ ಅಮೃತವೆಂದು ಅಲ್ಲಿಯ ದೊಡ್ಡ ಡಾಕ್ಟರರ ನಂಬಿಕೆ. ಕಚೇರಿಯ ಮುಂದಿನ ಪಟ್ಟಿ ಬಿಳಿಚಿಕೊಂಡಿರುತ್ತಿತ್ತು, ಪಡಸಾಲೆಯದು ಕಡುನೀಲಿ. ಅದಕ್ಕೇ ಬೇನೆ ಹೆಚ್ಚಾದವರನ್ನೆಲ್ಲ ಅಲ್ಲಿಗೆ ಒಯ್ದರು. "ಮಾಸ್ತರ, ಇಂಥಾ ಹವಾ ಮಹಾಬಳೇಶ್ವರದಾಗೂ ಸಿಗೂದಿಲ್ರಿ" ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದ್ದರು. ಇರಚಲಿಗೆ ಕಂಬಳಿಯೆಲ್ಲ ತೊಯ್ದು ಮಲಗಿದ್ದ ಇಂದು, "ಅಪ್ಪಾ, ನನ್ನ ಇಳಕಲ್ ಸೀರಿಗಿಂತ ಈ ಕಾಗದಕ್ಕೇ ಛಲೋ ಬಣ್ಣ ಏರ್‍ಯದ ನೋಡ್ರಿ" ಎಂದು ನಕ್ಕಿದ್ದಳು. ನಗುವುದಕ್ಕೂ ಅವಳು ನಡುವೆ ಉಸಿರು ತೆಗೆದುಕೊಳ್ಳಬೇಕಾಗಿತ್ತು.

ಮೊನ್ನೆ ಹೆಬ್ಬಳ್ಳಿಯ ಅರಳೆ ವ್ಯಾಪಾರಿ ಕುಬೇರಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ನಮ್ಮ ಇಂದು ಮಲಗಿದ್ದ ಮಂಚದ ಮೇಲೆ ಈಗ ಅವನ ಮಗಳು ಚನ್ನಬಸವ್ವ ಇದ್ದಾಳೆ. ಹತ್ತಿರ ನಿಂತೊಡನೆ ಮೂಗು ಉರಿಯಿತು. ಪ್ಲೇಗಿನ ಕಾಲದಲ್ಲಿ ನಮ್ಮ ಓಣಿಯ ಗಟಾರಕ್ಕೆ ಸುರಿಯುತ್ತಿದ್ದ ಬಿಳಿ ಪುಡಿಯ ವಾಸನೆ ಅದು, ನಾನು ಮರೆಯುವಂಥದಲ್ಲ. ಸರಿಯಾಗಿ ಪಟ್ಟಿಯ ಕೆಳಗೆ ರೋಗಿಗಳು ಉಗುಳಲು ಸಾಲಾಗಿಟ್ಟ ಪೀಕದಾನಿಗಳಿಗೆ ಆಯಾ ದುರಗವ್ವ ಅದನ್ನೇ ಹಾಕುತ್ತಿದ್ದಳು. ಕೇಳಿದ್ದಕ್ಕೆ, "ಇದ್ ಹಾಕಲಿಲ್ಲಂದ್ರ ಇಲ್ಲೆ ನಿಂದ್ರಾಕ ಆಗಂಗಿಲ್ರೀ ಯಪ್ಪಾ. ಮಂದಿ ಹೆಚ್ಚಾದಂಗ ಪುಡೀನೂ ಹೆಚ್ಚ" ಎಂದಳು.

ಅವಳಿಂದ ಒಂದು ಮುಷ್ಟಿ ಪುಡಿ ಇಸಿದುಕೊಂಡು ಬಂದೆ. ನೀನು ಬಿಟ್ಟುಹೋದ ಪಟ್ಟಿಗಳು ಕಪಾಟಿನಲ್ಲಿದ್ದವು. ಒಂದನ್ನು ಹಿತ್ತಲಲ್ಲಿ, ಇನ್ನೊಂದನ್ನು ಪುಡಿಯ ಬಟ್ಟಲಿನ ಮೇಲೆ ಕಟ್ಟಿದೆ. ಹಿತ್ತಲದ್ದು ಹಾಗೆಯೇ ಉಳಿಯಿತು. ಬಟ್ಟಲಿನ ಮೇಲಿನದು ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ನೀಲಿಯಾಯಿತು. ಆ ಪುಡಿಯಿಂದೇಳುವ ಕ್ಲೋರಿನ್ನಿಗೂ ಈ ಕಾಗದ ಹಾಗೆಯೇ ಬಣ್ಣಗೊಳ್ಳುತ್ತದೆಂದು ನಿನಗೆ ನಾನು ಹೇಳಬೇಕೆ? ಉಗುಳು ಹೆಚ್ಚಾದಷ್ಟು ಪುಡಿ, ಪುಡಿ ಹೆಚ್ಚಾದಷ್ಟು ನೀಲಿ, ನೀಲಿ ಕಂಡಲ್ಲಿಗೆ ಮತ್ತಷ್ಟು ಮಂಚ! ನಿಮ್ಮವ್ವ ನೋಡುತ್ತ ನಿಂತವಳು, "ಹಂಗಾರ ಆ ನಾತಕ್ಕ ನನ್ನ ಕೂಸನ್ನ ಮಳ್ಯಾಗ ಇಟ್ರೇನ್ರಿ?" ಎಂದು ಒಳಗೆ ಹೋದಳು.

ನಿನ್ನೆ ಮತ್ತೆ ಗುಡ್ಡಕ್ಕೆ ಹೋಗಿ ಎರಡೂ ಪಟ್ಟಿಗಳನ್ನು ಡಾಕ್ಟರರ ಮೇಜಿನ ಮೇಲಿಟ್ಟೆ. "ಪುಣೇದಾಗ ಪರೀಕ್ಷಾ ಆದ ಪಟ್ಟಿ ಅವ. ನಿಮಗ ದುಃಖ ಆಗ್ಯದ, ಮನಿಗೆ ಹೋಗ್ರಿ" ಎಂದರು. ಹೊರಗೆ ಕುಬೇರಪ್ಪ ನನ್ನ ಕೈ ಹಿಡಿದ: "ಡಾಕ್ಟರು ಒಂದ್ ಹೇಳ್ತಾರ, ನೀವ್ ಒಂದ್ ಹೇಳ್ತೀರಿ. ನಾ ಯಾರ್ದು ಖರೇ ಅಂತ ತಿಳೀಲ್ರಿ?" ಚನ್ನಬಸವ್ವ ಇನ್ನೂ ಅಲ್ಲಿಯೇ ಇದ್ದಾಳೆ. ಮಳೆ ನಿಂತಿಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು. ನಿಮ್ಮವ್ವನ ಆಶೀರ್ವಾದ, ನನ್ನದೂ.

ನಿನ್ನ ತಂದೆ,
ತ್ರ್ಯಂಬಕ

ತಾ.ಕ.: ಟಪಾಲಿಗೆ ಹಾಕುವಷ್ಟರಲ್ಲಿ ಈ ವಾರದ ಪತ್ರಿಕೆ ಬಂತು. ಆರೋಗ್ಯಧಾಮದ ಜಾಹೀರಾತಿನಲ್ಲಿ, 'ನಮ್ಮ ಹವೆಯ ಓಝೋನನ್ನು ಪುಣೆಯ ಶ್ರೀ ಬಿಂದುಮಾಧವ ಇವರು ಪ್ರಮಾಣೀಕರಿಸಿದ್ದಾರೆ' ಎಂದಿದೆ. ನೀನು ಪಟ್ಟಿಗಳನ್ನು ಪರೀಕ್ಷಿಸಿದ್ದು ಗಾಜಿನ ಜಾಡಿಯಲ್ಲಿ. ಆ ಪಡಸಾಲೆಯನ್ನು ಒಮ್ಮೆಯಾದರೂ ನೋಡಿದ್ದೀಯಾ? ಉತ್ತರ ನನಗೆ ಬರೆಯಬೇಡ. ಅದೇ ಪತ್ರಿಕೆಗೆ, ನಿನ್ನ ಹೆಸರು ಹಾಕಿ, ಇದು ಮುಟ್ಟಿದ ದಿನದ ಟಪಾಲಿಗೇ ಬರೆ. ಅದು ಅಚ್ಚಾದ ದಿನ ಮಗಳನ್ನು ಆ ಮಂಚದಿಂದ ಎಬ್ಬಿಸುತ್ತೇನೆಂದು ಕುಬೇರಪ್ಪ ಕಾದು ಕುಳಿತಿದ್ದಾನೆ.